ಅರೆನಿವೃತ್ತಿ ಮೀಮಾಂಸೆ: ಬರಿಸ್ಟಾ ಪಂಥದ ಕುರಿತು ಒಂದು ಅಲ್ಪಶೋಧ

ಬೇಗ ನಿವೃತ್ತರಾಗುವ ಅಮೆರಿಕನ್ ಸಂಪ್ರದಾಯದ ಕಾಲನಿರ್ಣಯದ ಬಗ್ಗೆ ವಿದ್ವಾಂಸರಲ್ಲಿ ಜಗಳವಿಲ್ಲ. ಜಗಳವಿಲ್ಲದ ಕಡೆ ಸಂಶೋಧನೆ ಮಾಡುವುದಾದರೂ ಹೇಗೆ ಎಂಬುದು ಈ ಶಾಸ್ತ್ರದ ಮೊದಲ ಸಮಸ್ಯೆ. ಆಕರಗ್ರಂಥವೆಂದು ಪಂಥದವರು ಕಣ್ಣಿಗೊತ್ತಿಕೊಳ್ಳುವುದು ವಿಕಿ ರಾಬಿನ್ ಮತ್ತು ಜೋ ಡೊಮಿಂಗ್ವೆಜ್ 1992ರಲ್ಲಿ ಹೊರತಂದ ‘ಯುವರ್ ಮನಿ ಆರ್ ಯುವರ್ ಲೈಫ್’. ಡೊಮಿಂಗ್ವೆಜ್ 31ನೇ ವಯಸ್ಸಿಗೇ ವಾಲ್ ಸ್ಟ್ರೀಟಿಗೆ ಕೈಮುಗಿದು ವಾನಪ್ರಸ್ಥಕ್ಕೆ ಹೊರಟವರು.

ಸೂತ್ರಕಾರರು ವಿಲಿಯಂ ಬೆಂಗೆನ್. ವಿಮಾನಶಾಸ್ತ್ರ ಓದಿ, ಮನೆತನದ ತಂಪುಪಾನೀಯದ ವ್ಯಾಪಾರ ನೋಡಿಕೊಂಡು, ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಹಣಕಾಸು ಸಲಹೆಗಾರರಾದ ಈ ಮಹನೀಯರು 1994ರಲ್ಲಿ ಸಾರಿದ್ದಿಷ್ಟು: ಮೊದಲ ವರ್ಷ ಗಂಟಿನ ಶೇ. 4ರಷ್ಟು ತೆಗೆಯಿರಿ, ಆಮೇಲೆ ಬೆಲೆ ಏರಿದಂತೆ ಏರಿಸಿ. ಗಂಟು 30 ವರ್ಷ ಕರಗದು. ಅಂದರೆ ವರ್ಷದ ಖರ್ಚಿನ 25 ಪಟ್ಟು ಕೈಯಲ್ಲಿರಬೇಕು. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು ಇದಕ್ಕೆ ಭಾಷ್ಯವೆನ್ನಬಹುದಾದ ಅಧ್ಯಯನ ಪ್ರಕಟಿಸಿದರು. ಉಳಿದದ್ದೆಲ್ಲ ಟಿಪ್ಪಣಿ.

ಇಲ್ಲಿ ಪೂರ್ವಪಕ್ಷ: 65ಕ್ಕೆ ಎದ್ದು ಹೊರಟವನಿಗೆ 30 ವರ್ಷ ಸಾಕು, 40ಕ್ಕೇ ಎದ್ದವನಿಗೆ? ಹೊರಟ ಮರುವರ್ಷವೇ ಷೇರುಪೇಟೆ ಕುಸಿದರೆ? 1960ರ ದಶಕದ ಕೊನೆಯಲ್ಲಿ ನಿವೃತ್ತರಾದವರ ಲೆಕ್ಕ ಹಾಕಿದರೆ ಸೂತ್ರ ಉಸಿರು ಬಿಗಿಹಿಡಿದು ಪಾರಾಗುತ್ತದೆ. ಪೇಟೆ ಸೊರಗಿತ್ತು, ಬೆಲೆಗಳು ಜಿಗಿದಿದ್ದವು. ಬಿದ್ದ ಬೆಲೆಗೆ ಷೇರು ಮಾರಿಕೊಂಡು ತಿಂದರೆ ಮತ್ತೆ ಪೇಟೆ ಏರುವ ಹೊತ್ತಿಗೆ ಏರಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಸಿದ್ಧಾಂತಿಗಳು ಮೂರು ಬಣ. ಗಂಟೇ ಸತ್ಯ, ಸಂಬಳ ಮಿಥ್ಯೆ ಎನ್ನುವ ಅದ್ವೈತಿಗಳು. ದುಡಿಮೆ ಬೇರೆ, ವಿಶ್ರಾಂತಿ ಬೇರೆ, ಎರಡೂ ಎಂದಿಗೂ ಕೂಡವು ಎಂದು 65ರ ತನಕ ಕಚೇರಿಗೆ ಹೋಗುವ ದ್ವೈತಿಗಳು. ಗಂಟಿಗೇ ಅಂಟಿಕೊಂಡು ಒಂದಿಷ್ಟು ಸಂಬಳವೂ ಇದೆಯೆನ್ನುವ ವಿಶಿಷ್ಟಾದ್ವೈತಿಗಳೇ ‘ಬರಿಸ್ಟಾ ಫೈರ್’ ಪಂಥದವರು. ಬರಿಸ್ಟಾ ಅಂದರೆ ಅಂಗಡಿಯಲ್ಲಿ ಕಾಫಿ ಬೆರೆಸುವವ, ಫೈರ್ ಅಂದರೆ ‘ಆರ್ಥಿಕ ಸ್ವಾತಂತ್ರ್ಯ, ಬೇಗ ನಿವೃತ್ತಿ’ ಎಂಬುದರ ಇಂಗ್ಲಿಷ್ ಹ್ರಸ್ವರೂಪ.

ಇವರ ಗಣಿತ ಸೊಗಸಾಗಿದೆ. ವರ್ಷಕ್ಕೆ 40,000 ಡಾಲರ್ ಖರ್ಚಿನವನಿಗೆ 10 ಲಕ್ಷ ಡಾಲರ್ ಗಂಟು ಬೇಕು. ಕಾಫಿ ಅಂಗಡಿಯಲ್ಲಿ ಅರೆಕಾಲಿಕನಾಗಿ 16,000 ದುಡಿದರೆ 6 ಲಕ್ಷ ಸಾಕು. ಹಾಲಿಗೆ ನೊರೆ ಬರಿಸುವ ವಿದ್ಯೆಯ ಬೆಲೆ, ಆದ್ದರಿಂದ, 4 ಲಕ್ಷ ಡಾಲರ್. ಪೇಟೆ ಬಿದ್ದ ವರ್ಷ ಷೇರು ಮಾರುವುದನ್ನು ಈ ಸಂಬಳ ತಗ್ಗಿಸುತ್ತದೆ. ಪೂರ್ವಪಕ್ಷಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಈ ಶಾಸ್ತ್ರದಲ್ಲಿ ಬೇರಿಲ್ಲ.

ಆದರೆ ಪಂಥದ ಗರ್ಭಗುಡಿಯಲ್ಲಿರುವುದು ಸಂಬಳವಲ್ಲ, ವಿಮೆಯ ಕಾರ್ಡು. ಅಮೆರಿಕದಲ್ಲಿ ಕೆಲಸ ಬಿಟ್ಟರೆ ಕೆಲಸದ ಜೊತೆ ಬಂದ ಆರೋಗ್ಯ ವಿಮೆಯೂ ಹೋಗುತ್ತದೆ. ಸರ್ಕಾರದ ಮೆಡಿಕೇರ್ ಸಾಮಾನ್ಯವಾಗಿ ಸಿಗುವುದು 65ಕ್ಕೆ. ಸ್ಟಾರ್‌ಬಕ್ಸ್ 1988ರಲ್ಲಿ ಅರೆಕಾಲಿಕರಿಗೂ ವಿಮೆ ವಿಸ್ತರಿಸಿತು. ವಾರಕ್ಕೆ ಸರಾಸರಿ 20 ಗಂಟೆ ನಿಂತರಾಯಿತು. ಆರು ತಿಂಗಳಿಗೆ 520 ಗಂಟೆಯ ಈ ಜಪಸಂಖ್ಯೆ ತಪ್ಪಿದರೆ ಫಲವಿಲ್ಲ. 2010ರ ಆರೋಗ್ಯ ವಿಮಾ ಕಾಯ್ದೆಯ ನಂತರ, ಮೊದಲೇ ಕಾಯಿಲೆಯಿದ್ದವರೂ 2014ರಿಂದ ಸ್ವಂತವಾಗಿ ವಿಮೆ ಕೊಳ್ಳಬಹುದು. ಕಂತು ಮಾತ್ರ ಅವರವರ ಭಾಗ್ಯ. ಹೀಗಾಗಿ ‘ನಿವೃತ್ತ’ನೊಬ್ಬ ಬೆಳಗಿನ ಪಾಳಿಗೆ ಏಪ್ರನ್ ಕಟ್ಟಿ ಕ್ಯೂ ನಿಭಾಯಿಸುತ್ತಿದ್ದಾನೆ. ಇದನ್ನು ನಿವೃತ್ತಿ ಎನ್ನುವ ಧೈರ್ಯ ಶಾಸ್ತ್ರಕ್ಕಿದೆ, ಅವನ ಮೊಣಕಾಲಿಗೆ ಇಲ್ಲ.

ಕೊನೆಯದಾಗಿ ಅಧಿಕಾರಿ ವಿಚಾರ, ಅಂದರೆ ಈ ಶಾಸ್ತ್ರಕ್ಕೆ ಅರ್ಹರು ಯಾರು ಎಂಬುದು. ಸನ್ನಿವೇಲ್, ಡಲ್ಲಾಸ್‌ಗಳಲ್ಲಿ ಕೋಡ್ ಬರೆಯುತ್ತಿರುವ ಕನ್ನಡಿಗ ಎಂಜಿನಿಯರ್ ಗಂಟನ್ನು ಬೇಗನೆ ಕೂಡಿಸಬಲ್ಲ. ಆದರೆ ಎಚ್-1ಬಿ ವೀಸಾ ವಿಶೇಷ ಪರಿಣತಿಯ ಕೆಲಸಕ್ಕಷ್ಟೇ. ಕಾಫಿ ಬೆರೆಸುವುದು ಆ ಪಟ್ಟಿಗೆ ಸೇರದು. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಹುಟ್ಟಿ, ಫಿಲ್ಟರ್ ಡಿಕಾಕ್ಷನ್ನಿನಲ್ಲಿ ಪಳಗಿದವನಾದರೂ ವಿನಾಯಿತಿಯಿಲ್ಲ. ಕೆಲಸ ಬಿಟ್ಟರೆ ಹೆಚ್ಚೆಂದರೆ 60 ದಿನಗಳ ಗಡುವು. ಕೌಂಟರಿನ ಹಿಂದೆ ನಿಲ್ಲಲು ಮೊದಲು ಗ್ರೀನ್ ಕಾರ್ಡ್ ಬೇಕು. ಭಾರತದಲ್ಲಿ ಹುಟ್ಟಿದವರಿಗೆ ಆ ಸಾಲು ದಶಕಗಳಷ್ಟು ಉದ್ದ. ಅನೇಕರಿಗೆ ಅದಕ್ಕಿಂತ ಮೊದಲೇ ಪೂರ್ಣ ನಿವೃತ್ತಿಯ ವಯಸ್ಸು ಬರುತ್ತದೆ.