ಜಗಳೂರಿನಲ್ಲಿ ಮೈನಸ್ 40 ಡಿಗ್ರಿ

ಏಪ್ರಿಲ್ ಮಧ್ಯಾಹ್ನ. ಬೆಳಗ್ಗೆ ಚನ್ನಗಿರಿ ಬಿಟ್ಟು, ಹೊನ್ನಾಳಿ, ನ್ಯಾಮತಿಗಳಲ್ಲಿ ನೆಂಟರಿಗೆ ಲಗ್ನಪತ್ರಿಕೆ ಕೊಟ್ಟು, ಜಗಳೂರಿಗೆ ಬಂದು ಬೇವಿನ ಮರದಡಿ ಕಾರು ನಿಲ್ಲಿಸಿದ್ದೆ. ಇಂಜಿನ್ ಆಫ್ ಮಾಡಿ ಕೀ ಆನ್‌ನಲ್ಲೇ ಬಿಟ್ಟು ಫೋನ್ ನೋಡಿದರೆ, ಕೂಲಂಟ್ ಮೈನಸ್ 40 ಡಿಗ್ರಿ ಎನ್ನುತ್ತಿದೆ ಆ್ಯಪ್! ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದ್ದ, ಇಂಜಿನ್ನಿನ ಅಂಕಿಗಳನ್ನು ಫೋನಿಗೆ ಕಳಿಸುವ, ಬೆಂಕಿಪೊಟ್ಟಣದಷ್ಟಿರುವ ಅಡಾಪ್ಟರನ್ನು ವಿಚಾರಿಸಿಕೊಂಡೆ.

ಏನಪ್ಪಾ, ಜಗಳೂರಿನಲ್ಲಿ ಹಿಮ ಯಾವಾಗ ಬಿತ್ತು?

ನನ್ನನ್ಯಾಕೆ ಬೈತೀರಿ ಸಾರ್? ಇಂಜಿನ್ನಿನ ಕಂಪ್ಯೂಟರ್ ಕೊಟ್ಟಿದ್ದನ್ನ ದಾಟಿಸೋನು ನಾನು. ಅದು 0ಯಿಂದ 255ರೊಳಗಿನ ಒಂದು ಸಂಖ್ಯೆ ಕೊಡುತ್ತೆ, ಆ್ಯಪ್ ಅದರಲ್ಲಿ 40 ಕಳೆಯುತ್ತೆ. ಇವತ್ತು ಬಂದಿದ್ದು ಸೊನ್ನೆ.

ಸೊನ್ನೆ ಯಾಕೆ ಬಂತು?

ಕೂಲಂಟಿನ ಬಿಸಿ ಅಳೆಯೋ ಸೆನ್ಸರ್ ತಣ್ಣಗಾದಷ್ಟೂ ಕರೆಂಟಿಗೆ ಜಾಸ್ತಿ ತಡೆ ಒಡ್ಡುತ್ತೆ. ವೈರೇ ಕಡಿದುಹೋದರೆ ತಡೆಗೆ ಕೊನೆಯೇ ಇಲ್ಲ. ಕಂಪ್ಯೂಟರಿನ ಪಾಲಿಗೆ ಅದು ಕೊರೆಯೋ ಚಳಿ. ರಾತ್ರಿ ಚನ್ನಗಿರಿಯಲ್ಲಿ ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸಿದ್ರಲ್ಲ, ಇಲಿ ಊಟ ಮಾಡಿದೆಯೋ ಏನೋ, ಬಾನೆಟ್ ಎತ್ತಿ ನೋಡಿ. ಸೆನ್ಸರನ್ನ ನಂಬಲಾಗದೆ ಕಂಪ್ಯೂಟರ್ ಮುನ್ನೆಚ್ಚರಿಕೆಗೆ ಹಾಕಿಟ್ಟ ರೇಡಿಯೇಟರ್ ಫ್ಯಾನ್ ಬೆಳಗ್ಗೆಯಿಂದ ಒಂದೇ ಸಮ ಬೊಬ್ಬೆ ಹೊಡೀತಿದೆ, ಕಿವಿಗೆ ಬೀಳಲಿಲ್ವಾ? ಪಿ0118 ಅಂತ ದೋಷದ ಕೋಡನ್ನೂ ತಂದುಕೊಟ್ಟೆ. ನೀವು 'ಕ್ಲಿಯರ್' ಒತ್ತಿದ್ರಿ.

(ಒತ್ತಿದ್ದು ನಿಜ. ದೀಪ ಆರಿದರೆ ರೋಗ ವಾಸಿಯಾಯಿತೆಂದು ನಂಬುವವರಲ್ಲಿ ನಾನೂ ಒಬ್ಬ.)

ಮೈಲೇಜ್ ವಿಷಯಕ್ಕೆ ಬಾ. ಆ್ಯಪ್ 9 ಅಂದಿತು. ಹೊನ್ನಾಳಿ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ 17!

ನಿಮ್ಮದು ಡೀಸೆಲ್ ಗಾಡಿ, ಆ್ಯಪಿನಲ್ಲಿ ಪೆಟ್ರೋಲ್ ಅಂತ ಆರಿಸಿದೀರಿ. ಪೆಟ್ರೋಲಿಗೆ 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಅಂತ ಲೆಕ್ಕ. ಡೀಸೆಲ್ ಇಂಜಿನ್ ಅದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆಯುತ್ತೆ. ಗಾಳಿ ನೋಡಿ ಎಣ್ಣೆ ಎಣಿಸಿದರೆ, ಕುಡಿಯದ ಎಣ್ಣೆಗೂ ಬಿಲ್ಲು.

ಇಂಜಿನ್ ಆಫ್ ಇದ್ದರೂ ಟರ್ಬೊ ಒತ್ತಡ ಮೈನಸ್ 6 ತೋರಿಸುತ್ತೆ.

ಆ್ಯಪ್ ಇನ್ನೂ ಕಡಲತೀರದಲ್ಲೇ ಕೂತಿದೆ ಸಾರ್, 101 ಕಿಲೊಪ್ಯಾಸ್ಕಲ್ ಹಿಡ್ಕೊಂಡು. ನಾವಿರೋದು ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ 95ರ ಆಸುಪಾಸು. ಇಂಜಿನ್ ಆಫ್ ಇದ್ದಾಗ ಸೆನ್ಸರ್ 95 ಅಂದರೆ ಅದು ಗಟ್ಟಿಮುಟ್ಟಾಗಿದೆ ಅಂತ ಅರ್ಥ. ಹಾಗೇ, ರಾತ್ರಿಯೆಲ್ಲಾ ನಿಂತ ಗಾಡಿಗೆ ಬೆಳಗ್ಗೆ ಕೀ ಹಾಕಿ, ಸ್ಟಾರ್ಟ್ ಮಾಡದೆ ನೋಡಿ: ಕೂಲಂಟೂ ಇಂಜಿನ್ ಎಳೆಯೋ ಗಾಳಿಯೂ ಹೊರಗಿನ ಹವೆಯಷ್ಟೇ ತೋರಿಸಬೇಕು. ಇಷ್ಟು ನೋಡೋಕೆ ನಿಮಗೆ ಪುರುಸೊತ್ತಿಲ್ಲ, ದಾವಣಗೆರೆಗೆ ಹೋಗಿ ಹೊಸ ಸೆನ್ಸರ್ ತರೋಕೆ ಮಾತ್ರ ಇದೆ.

ಅಂದರೆ ನೀನೊಬ್ಬ ಸಾಚಾ?

(ಕೆಂಪು ದೀಪ ಎರಡು ಸಲ ಮಿನುಗಿತು.) ಹಾಗೇನಿಲ್ಲ. ಮೈಮೇಲೆ ಇಎಲ್‌ಎಂ327, ಆವೃತ್ತಿ 1.5 ಅಂತ ಬರ್ಕೊಂಡಿದೀನಿ. ಆ ಚಿಪ್ ಮಾಡಿದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನವರು 1.5 ಅನ್ನೋದನ್ನ ಹೊರತಂದೇ ಇಲ್ಲ. ಹುಟ್ಟದ ಮಗುವಿನ ಹೆಸರಲ್ಲಿ ಪಡಿತರ ಚೀಟಿ ಅಂದ್ಕೊಳ್ಳಿ. ಆ್ಯಪಿನಲ್ಲಿ ಇಪ್ಪತ್ತು ಮೀಟರು ಒಟ್ಟಿಗೆ ತೆರೆದು ಕೂತರೆ ತಡವರಿಸ್ತೀನಿ, ಹಳೇ ಅಂಕಿ ಪರದೆ ಮೇಲೇ ನಿಂತಿರುತ್ತೆ. ಸೂಳೆಕೆರೆ ಏರಿ ಮೇಲೆ ನಿಲ್ಲಿಸಿ ನೀವು ಫೋಟೊ ತೆಗೀತಿದ್ದಾಗ ವೇಗ 62 ಇತ್ತಲ್ಲ, ಅದು ನನ್ನ ತಪ್ಪು. ನಾಲ್ಕೈದು ಮೀಟರಿಗೆ ಇಳಿಸಿ, ನಿಭಾಯಿಸ್ತೀನಿ.

ನೀನೇ ಖುದ್ದಾಗಿ ಅಳೆಯುವುದು ಏನೂ ಇಲ್ಲವೇ?

ಬ್ಯಾಟರಿ ವೋಲ್ಟೇಜ್! ಅದನ್ನ ಮಾತ್ರ ಯಾರ ಬಾಯಿಂದಲೂ ಕೇಳಲ್ಲ, ನಾನೇ ಅಳೀತೀನಿ. ಈಗ 12.6. ಚಿಂತೆ ಬೇಡ.

ಇಷ್ಟೂ ಹೊತ್ತು ಕೀ ಆನ್‌ನಲ್ಲೇ ಇತ್ತು. ಇಲ್ಲದ ಚಳಿಯಲ್ಲಿ ಫ್ಯಾನೂ ತಿರುಗುತ್ತಲೇ ಇತ್ತು. ಸ್ಟಾರ್ಟ್ ಹೊಡೆದೆ. 'ಟಕ್' ಎಂದಿತು, ಅಷ್ಟೆ. ಎದುರಿನ ಚಹಾದಂಗಡಿಯಿಂದ ನಾಲ್ವರು ಪಂಚೆ ಎತ್ತಿ ಕಟ್ಟಿಕೊಂಡು ತಳ್ಳಲು ಬಂದರು. ಫೋನಿನಲ್ಲಿ ಆಗಲೂ 12.6.