ಪಾಂಡುರಾಜನಿಗೆ ಸಿಗದ ಲೈಸೆನ್ಸು

ನಮ್ಮ ಪುರಾಣಗಳಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋದವರ ಕಥೆ ನೆಟ್ಟಗೆ ಮುಗಿದದ್ದೇ ಅಪರೂಪ, ಗಮನಿಸಿದ್ದೀರಾ? ಆನೆ ನೀರು ಕುಡಿಯುತ್ತಿದೆ ಅಂತ ದಶರಥ ಬರೀ ಸದ್ದಿಗೆ ಬಾಣ ಬಿಟ್ಟ. ಸತ್ತದ್ದು ಕೊಡಕ್ಕೆ ನೀರು ತುಂಬುತ್ತಿದ್ದ ಶ್ರವಣಕುಮಾರ. ಪಾಂಡು ಹೊಡೆದ ಜಿಂಕೆ ಕಿಂದಮ ಋಷಿಯಾಗಿತ್ತು, ರಾಮ ಹೊಡೆದದ್ದು ಮಾರೀಚನಾಗಿತ್ತು. ಕಟ್ಟಕಡೆಗೆ ಜರನೆಂಬ ಬೇಡ ಜಿಂಕೆಯೆಂದುಕೊಂಡದ್ದು ಸಾಕ್ಷಾತ್ ಕೃಷ್ಣನ ಪಾದವನ್ನು. ಇವರಲ್ಲಿ ಒಬ್ಬರ ಗುರಿಯೂ ತಪ್ಪಲಿಲ್ಲ, ತಮಾಷೆ ಇರುವುದು ಅಲ್ಲೇ. ಬಾಣ ಹೋಗಬೇಕಾದ ಜಾಗಕ್ಕೇ ಹೋಯಿತು. ಅಲ್ಲಿ ಇದ್ದವರು ಬೇರೆ, ಅಷ್ಟೆ.

ಇದನ್ನೆಲ್ಲ ನಾನು ಒಪ್ಪಿಸಿದ್ದು ವಿಸ್ಕಾನ್ಸಿನ್‌ನಲ್ಲಿ ನಮ್ಮ ಬೇಲಿಯಾಚೆಗಿರುವ ಮನೆಯ ಯಜಮಾನರಿಗೆ. ವಯಸ್ಸಾದವರು, ಬಿಲ್ಲುಬೇಟೆಯ ಹಳೇ ಹುಲಿ. ಕೇಳಿಸಿಕೊಂಡು, "ನಿಮ್ಮ ರಾಜರು ಯಾರೂ ಬೇಟೆಯ ಕ್ಲಾಸಿಗೆ ಹೋಗಿರಲಿಲ್ಲ ಅಂತ ಕಾಣುತ್ತೆ" ಅಂದರು. ಈ ರಾಜ್ಯದಲ್ಲಿ 1973ರ ಜನವರಿ 1ರಂದೋ ಆಮೇಲೋ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿ ಪಾಸು ಮಾಡದೆ ಲೈಸೆನ್ಸು ಸಿಗುವುದಿಲ್ಲ. ಕಣ್ಣಿಗೆ ಪೂರ್ತಿ ಕಾಣದ್ದಕ್ಕೆ ಗುರಿಯಿಡಬೇಡ ಅನ್ನುವುದು ಅಲ್ಲಿನ ಮೊದಲ ಪಾಠಗಳಲ್ಲೊಂದು. ದಶರಥ ಡುಮ್ಕಿ. ಆದರೆ ಅವನು ಹುಟ್ಟಿದ್ದು 1973ಕ್ಕಿಂತ ಮುಂಚೆ, ಕಾನೂನಿನ ಪ್ರಕಾರ ವಿನಾಯಿತಿ ಇತ್ತು ಬಿಡಿ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದೆ. ಅಂಗಡಿಯಿಂದ ಅಂದುಕೊಂಡಿದ್ದೆ, ಕಣ್ಣಿನಿಂದ ಅಂದರು. ಎರಡೂ ಅಂಗೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ವಸ್ತುವನ್ನು ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ ಕಣ್ಣು. ಬಲಗೈಯವನಿಗೆ ಎಡಗಣ್ಣು ಯಜಮಾನನಾಗಿದ್ದರೆ ಎಡಗೈ ಬಿಲ್ಲೇ ವಾಸಿಯಂತೆ. ಆಮೇಲೆ ಟೇಪು ಹಿಡಿಯಬೇಕು. ಎರಡೂ ತೋಳು ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಅಂಗುಲವೋ ಅದನ್ನು ಎರಡೂವರೆಯಿಂದ ಭಾಗಿಸಿದರೆ ಹೆದೆಯನ್ನು ಎಷ್ಟು ದೂರ ಎಳೆಯಬೇಕೆಂಬ ಅಂದಾಜು ಸಿಗುತ್ತದೆ. 68 ಅಂಗುಲದವನಿಗೆ 27ರ ಮೇಲೆ ಚೂರು.

ಇನ್ನು ಬಿಲ್ಲಿನ ಬಿಗಿ. ಜಿಂಕೆ ಬೇಟೆಗೆ ಕನಿಷ್ಠ 30 ಪೌಂಡು ಇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. ಅಂಗಡಿಗೆ ಬರುವ ಹುಡುಗರು ಸೀತಾಸ್ವಯಂವರದ ಮಂಟಪಕ್ಕೆ ಬಂದವರಂತೆ ನೇರ 70ಕ್ಕೆ ಕೈ ಹಾಕುತ್ತಾರಂತೆ. ಇವರ ಪರೀಕ್ಷೆ ಬೇರೆ: ಕುರ್ಚಿಯಲ್ಲಿ ಕೂತು, ಕಾಲು ನೆಲದಿಂದ ಎತ್ತಿ, ಬಿಲ್ಲನ್ನು ಆಕಾಶಕ್ಕೆ ತೋರಿಸದೆ ನೇರವಾಗಿ ಎಳೆಯಬೇಕು. ಆಗದಿದ್ದರೆ ಅದು ನಿನ್ನ ಬಿಲ್ಲಲ್ಲ. ಈಗಿನವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕಾಂಪೌಂಡ್ ಬಿಲ್ಲು, ಎರಡು ತುದಿಯಲ್ಲೂ ಬಾವಿಯ ರಾಟೆಯಂಥ ಗಾಲಿ ಸಿಕ್ಕಿಸಿಕೊಂಡದ್ದು. ಮಿಸ್ಸೌರಿಯ ಹಾಲಿಸ್ ವಿಲ್ಬರ್ ಆಲೆನ್ 1969ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಹಿಡಿದಿಟ್ಟುಕೊಳ್ಳಲು ಹದಿನೈದು ಪೌಂಡಿನ ಆಸುಪಾಸು ಬಲ ಸಾಕು.

ಅಮೆರಿಕದ ಈ ಹವ್ಯಾಸಕ್ಕೂ ಒಂದು ಗುರುಪರಂಪರೆ ಇದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿಗೆ ಕಾಡಿನಿಂದ ಒಬ್ಬಂಟಿ ಮನುಷ್ಯ ಬಂದ. ಯಾಹಿ ಕುಲದಲ್ಲಿ ಉಳಿದಿದ್ದವನು ಅವನೊಬ್ಬನೇ. ಇಶಿ ಅಂತ ಕರೆದರು. ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲುವಿದ್ಯೆ ಕಲಿತು, 1923ರಲ್ಲಿ ಪುಸ್ತಕ ಬರೆದ. ಅದನ್ನೋದಿ ಎಷ್ಟೋ ಜನ ಬಿಲ್ಲು ಹಿಡಿದರು. ನಮ್ಮ ಏಕಲವ್ಯನ ಕಥೆಗೆ ಇದು ತಿರುಗುಮುರುಗು: ಇಲ್ಲಿ ಕಾಡಿನವನೇ ಗುರು, ಪೇಟೆಯವನು ಶಿಷ್ಯ. ಇಶಿಯ ಹೆಬ್ಬೆರಳನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಾಗಲೇ ಬಿಳಿಯ ವಲಸಿಗರು ಅವನ ಕುಲವನ್ನೇ ಮುಗಿಸಿದ್ದರು.

ಅಭ್ಯಾಸಕ್ಕೆ ಊಟದ ಕಾಗದದ ತಟ್ಟೆ ಸಾಕು. ಜಿಂಕೆಯ ಎದೆಗೂಡಿನಲ್ಲಿ ಬಾಣ ನಾಟಬೇಕಾದ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. 20 ಗಜದಿಂದ ಬಿಟ್ಟ ಬಾಣಗಳೆಲ್ಲ ಆ ತಟ್ಟೆಯೊಳಗೆ ಬೀಳುವವರೆಗೆ ಕಾಡಿನ ಮಾತೆತ್ತಬಾರದು. ಅದರಲ್ಲೂ ದಿನದ ಮೊದಲ ಬಾಣವೇ ಲೆಕ್ಕ, ಕಾಡಿನಲ್ಲಿ ಸಿಗುವುದು ಒಂದೇ. ಬಾಣ ಕೊಲ್ಲುವುದು ಗುಂಡಿನ ಹಾಗೆ ಬಡಿದಲ್ಲ, ರಕ್ತ ಹರಿಸಿ. ಹಾಗಾಗಿ ಜಿಂಕೆ ಪಕ್ಕೆ ತೋರಿಸಿ ನಿಂತಿರಬೇಕು, ಇಲ್ಲವೇ ಓರೆಯಾಗಿ ಆಚೆಗೆ ತಿರುಗಿರಬೇಕು. ಎದುರು ನೋಡುತ್ತಿದ್ದರೆ ಬಿಡಬಾರದು. ನಡುವೆ ಸಣ್ಣ ರೆಂಬೆ ಬಂದರೂ ಬಿಡಬಾರದು. ಜಿಂಕೆಯ ಹಿಂದೆ ಏನಿದೆ ಗೊತ್ತಿಲ್ಲದಿದ್ದರೆ ಬಿಡಲೇಬಾರದು. ದೂರವಿದ್ದರಂತೂ ಇನ್ನೊಂದು ತೊಡಕು: ಬಾಣ ಸೆಕೆಂಡಿಗೆ ಸುಮಾರು 300 ಅಡಿ ಹೋದರೆ ಸದ್ದು 1,100 ಅಡಿ ಹೋಗುತ್ತದೆ. ಹೆದೆಯ ಟಂಕಾರ ಮೊದಲು ಮುಟ್ಟಿ, ಬಾಣ ಬರುವಷ್ಟರಲ್ಲಿ ಜಿಂಕೆ ಕುಗ್ಗಿರುತ್ತದೆ.

ರಾಮನ ಹಾಗೆ ಹಿಂದೆ ಓಡುವಂತೆಯೂ ಇಲ್ಲ. ಗಾಳಿ ಎತ್ತ ಬೀಸುತ್ತಿದೆ ನೋಡಿ ಮರ ಆರಿಸಿ, ಅಟ್ಟಣಿಗೆ ಹತ್ತಿ, ಸೊಂಟಕ್ಕೂ ಭುಜಕ್ಕೂ ಪಟ್ಟಿ ಬಿಗಿದು ಮರಕ್ಕೆ ಕಟ್ಟಿಕೊಂಡು ಕೂರಬೇಕು. ಬಾಣ ತಾಗಿದ ಮೇಲೂ ಅರ್ಧ ಗಂಟೆ ಇಳಿಯಬಾರದು. ಹೊಟ್ಟೆಗೆ ತಾಗಿದ್ದರೆ ಎಂಟು ಗಂಟೆಯಾದರೂ ಬಿಟ್ಟೇ ಹೋಗಬೇಕು. ಆತುರಪಟ್ಟು ಬೆನ್ನಟ್ಟಿದರೆ ಅದು ಇನ್ನೂ ದೂರ ಓಡಿ, ಎಲ್ಲೋ ಸತ್ತು, ಯಾರಿಗೂ ಸಿಗದೆ ಹೋಗುತ್ತದೆ. ಸಿಕ್ಕಿದರೆ ಮರುದಿನ ಸಂಜೆ ಐದರೊಳಗೆ ಸರ್ಕಾರಕ್ಕೆ ಲೆಕ್ಕ ಕೊಡಬೇಕು.

ಬಿಲ್ಲಿನ ಸೀಸನ್ನು ಸೆಪ್ಟೆಂಬರ್ ನಡುವಿನಿಂದ ಜನವರಿವರೆಗೆ ಇದ್ದರೂ ಇವರ ಕಣ್ಣೆಲ್ಲ ನವೆಂಬರಿನ ಮೇಲೆ. ಆಗ ಬೆದೆಯ ಕಾಲ. ವರ್ಷವಿಡೀ ಅವಿತಿರುವ ಗಂಡುಜಿಂಕೆ ಬುದ್ಧಿಗೆಟ್ಟು ಹಗಲಲ್ಲೇ ಹೆಣ್ಣಿನ ಹಿಂದೆ ಓಡಾಡುತ್ತದೆ. ಬೆದೆಯಲ್ಲಿದ್ದ ಜಿಂಕೆ ಹೊಡೆದೇ ಪಾಂಡುವಿಗೆ ಶಾಪ ತಟ್ಟಿದ್ದು, ಹೆಂಡತಿಯ ಹತ್ತಿರ ಹೋದರೆ ಸಾವು ಅಂತ, ಎಂದು ಎಚ್ಚರಿಸಿದೆ. "ನವೆಂಬರ್ ಪೂರ್ತಿ ಅವಳು ನನ್ನ ಜೊತೆ ಮಾತೇ ಆಡುವುದಿಲ್ಲ, ನನಗೇನು ಭಯ?" ಅಂದರು.

ಸಸ್ಯಾಹಾರಿಯಾದ ನನಗೆ ಇದೆಲ್ಲ ಯಾಕೆ ಅಂದಿರಾ? ಊರಲ್ಲಾಗಿದ್ದರೆ ಜಿಂಕೆ ಅಂದರೆ 1972ರ ವನ್ಯಜೀವಿ ಕಾಯ್ದೆ, ಜೈಲು. ಇಲ್ಲಿ ಜಿಂಕೆ ಅಂದರೆ ನನ್ನ ಬದನೆ ಗಿಡ ಮೇಯುವ ದನ. ಏಳಡಿ ಬೇಲಿಯೂ ಅದಕ್ಕೆ ಲೆಕ್ಕವಿಲ್ಲ. ಹಿತ್ತಲಲ್ಲಿ ಕೊಂಬಿನ ಮಹಾರಾಯನೊಬ್ಬ ಪಕ್ಕೆ ತೋರಿಸಿಕೊಂಡು, ಇಪ್ಪತ್ತೇ ಗಜದಲ್ಲಿ, ನಿಧಾನಕ್ಕೆ ಎಲೆ ಅಗಿಯುತ್ತಾ ನಿಂತಿದ್ದ. ಯಜಮಾನರು ಬೇಲಿಯಾಚೆಯಿಂದ ಕೈಕಟ್ಟಿಕೊಂಡು ನೋಡುತ್ತಿದ್ದರು.

"ಲೈಸೆನ್ಸಿದೆ, ಬಿಲ್ಲಿದೆ, ಇನ್ನೇನು ಬೇಕು? ಹೊಡೀರಿ!" ಅಂದೆ.

"ಅದರ ಹಿಂದೆ ನಿನ್ನ ಅಡುಗೆಮನೆ ಇದೆ" ಅಂದರು.