ಖಂಡಿತ ವಾಪಸ್ ಬರ್ತೀನಿ ಸಾರ್

ಅಮೆರಿಕದ ವಲಸೆ ಕಾಯ್ದೆ 1952ರದು. ಅದರ 214(ಬಿ) ಕಲಮಿನ ಕಣ್ಣಿಗೆ ವಿದ್ಯಾರ್ಥಿ ವೀಸಾ ಕೇಳಿ ಬಂದ ಪ್ರತಿಯೊಬ್ಬನೂ ಅಲ್ಲೇ ಠಿಕಾಣಿ ಹೂಡಲು ಹೊರಟವನು. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಅವನದೇ. ನಮ್ಮ ಮದುವೆ ಮಾರುಕಟ್ಟೆಯ ಕಾಯ್ದೆಯನ್ನು ಯಾರೂ ಅಚ್ಚು ಹಾಕಿಸಿಲ್ಲ, ಆದರೆ ಅದರ ಗುಮಾನಿ ಇದಕ್ಕೆ ಸರಿಯಾಗಿ ಉಲ್ಟಾ. ಅಲ್ಲಿ ಹುಡುಗ ಎಲ್ಲಿ ವಾಪಸ್ ಬಂದುಬಿಡುತ್ತಾನೋ ಎಂಬ ಭಯ. ಬರುವುದಿಲ್ಲ ಎಂದು ಸಾಬೀತು ಮಾಡುವ ಹೊಣೆ ಹುಡುಗನ ತಾಯಿಯದು. ಸಾಲ ಕೊಡುವ ಬ್ಯಾಂಕಿಗೂ ಅವನು ಅಲ್ಲೇ ಇದ್ದು ಡಾಲರಿನಲ್ಲಿ ದುಡಿದರೇ ನೆಮ್ಮದಿ. ಅಜ್ಜಿಗೆ ಮಾತ್ರ 'ಎರಡೇ ವರ್ಷ, ಕಣ್ಣು ಮುಚ್ಚಿ ತೆಗೆಯೋದರೊಳಗೆ ಬಂದುಬಿಡ್ತಾನೆ' ಎಂದು ಹೇಳಲಾಗಿದೆ. ಕಣ್ಣು ಮುಚ್ಚುವ ಮಾತನ್ನು ಆಕೆ ಬೇರೆ ಥರ ಅರ್ಥ ಮಾಡಿಕೊಂಡು ಸುಮ್ಮನಿದ್ದಾಳೆ.

ಒಬ್ಬನೇ ಹುಡುಗ, ನಾಲ್ಕು ಕೌಂಟರು, ನಾಲ್ಕು ಸತ್ಯ. ವಿದೇಶ ವ್ಯಾಸಂಗದ ಸಿದ್ಧತೆ ಅಂದರೆ ಮುಖ್ಯವಾಗಿ ಯಾವ ಕೌಂಟರಿನಲ್ಲಿ ಯಾವ ಸತ್ಯ ಹೇಳಬೇಕೆಂದು ಬಾಯಿಪಾಠ ಮಾಡುವುದು.

ಶುರುವಾಗುವುದು ಇಂಗ್ಲಿಷಿನಿಂದ. ಎಲ್‌ಕೆಜಿಯಿಂದ ಇಂಜಿನಿಯರಿಂಗ್‌ವರೆಗೆ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ, ಕನ್ನಡದ ಒತ್ತಕ್ಷರ ಕಂಡರೆ ಬೆವರುವ ಹುಡುಗ ತನಗೆ ಇಂಗ್ಲಿಷ್ ಬರುತ್ತದೆ ಎಂದು ದುಡ್ಡು ಕಟ್ಟಿ ಸಾಬೀತು ಮಾಡಬೇಕು. ಐಇಎಲ್‌ಟಿಎಸ್‌ನಲ್ಲಿ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಮನೆಯಲ್ಲಿ ಅಪ್ಪನ ಜೊತೆ ಅವನು ಒಂದೇ ಸಲಕ್ಕೆ ಅಷ್ಟು ಹೊತ್ತು ಮಾತಾಡಿದ ದಾಖಲೆ ಇಲ್ಲ. ಜಿಆರ್‌ಇ ಪರೀಕ್ಷೆಯನ್ನು 2023ರಲ್ಲಿ ಎರಡು ಗಂಟೆಯೊಳಕ್ಕೆ ಇಳಿಸಿದರು. ಕೋಚಿಂಗ್ ಫೀಯೂ ಅದೇ ಪ್ರಮಾಣದಲ್ಲಿ ಇಳಿದ ಸುದ್ದಿ ನನ್ನ ಕಿವಿಗಂತೂ ಬಿದ್ದಿಲ್ಲ.

ಆಮೇಲೆ ಎಸ್‌ಒಪಿ, ಅಂದರೆ ನಾನೇಕೆ ಓದಬೇಕು ಎಂಬ ಆತ್ಮಕಥನ. ಇದರಲ್ಲಿ ಎಲ್ಲ ಹುಡುಗರೂ ಆರನೇ ವಯಸ್ಸಿನಲ್ಲಿ ಅಪ್ಪನ ರೇಡಿಯೋ ಬಿಚ್ಚಿ ಒಳಗೇನಿದೆ ಎಂದು ನೋಡಿದವರೇ. ಇಷ್ಟೂ ರೇಡಿಯೋಗಳನ್ನು ನಿಜಕ್ಕೂ ಬಿಚ್ಚಿದ್ದರೆ ಧಾರವಾಡ ಆಕಾಶವಾಣಿ ಕೇಳುಗರಿಲ್ಲದೆ ಎಂದೋ ಬಾಗಿಲು ಹಾಕಬೇಕಿತ್ತು. ಹುಡುಗ ಹುಟ್ಟುವ ಹೊತ್ತಿಗೆ ಮನೆಯ ರೇಡಿಯೋ ಅಟ್ಟ ಸೇರಿತ್ತು ಎಂಬುದು ಬೇರೆ ಮಾತು. ಶಿಫಾರಸು ಪತ್ರಗಳದ್ದು ಇನ್ನೂ ಸೊಗಸು. 'ನೀನೇ ಬರ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ' ಎನ್ನುತ್ತಾರೆ ಪ್ರೊಫೆಸರು. ನಾಲ್ಕು ವರ್ಷ ಕೊನೆಯ ಬೆಂಚಿನಲ್ಲಿ ಕಳೆದವನು ಮೂವರು ಮೇಷ್ಟ್ರುಗಳ ಮೂರು ಬೇರೆಬೇರೆ ದನಿಯಲ್ಲಿ ತನ್ನನ್ನೇ ಹೊಗಳಿಕೊಳ್ಳಬೇಕು. ಇಡೀ ಪದವಿಯಲ್ಲಿ ಅವನು ಸ್ವಂತವಾಗಿ ಬರೆದದ್ದು ಇದೊಂದೇ ಇತ್ತು; ಈಚೆಗೆ ಅದನ್ನೂ ಚಾಟ್‌ಜಿಪಿಟಿ ಬರೆದುಕೊಡುತ್ತಿದೆ.

ಯಾವ ವಿಶ್ವವಿದ್ಯಾಲಯ ಎಂದು ಆರಿಸಲು ಕನ್ಸಲ್ಟೆನ್ಸಿಗಳಿವೆ. ಸಲಹೆ ಪೂರ್ತಿ ಉಚಿತ. ಉಚಿತವಾಗಿ ಹೇಗೆ ಬದುಕುತ್ತಾರೆ ಎಂದು ಕೇಳುವುದು ಅಸಭ್ಯತೆ, ಆದ್ದರಿಂದ ಯಾರೂ ಕೇಳುವುದಿಲ್ಲ. ಎಷ್ಟೋ ವಿದೇಶಿ ವಿಶ್ವವಿದ್ಯಾಲಯಗಳು ತಲೆಗಿಷ್ಟು ಎಂದು ಕಮಿಷನ್ ಕೊಡುತ್ತವೆ. ಹುಡುಗನ ಭವಿಷ್ಯ ಎಲ್ಲಿ ಉಜ್ವಲವೆಂದು ಸಲಹೆಗಾರರಿಗೆ ಕಾಣುತ್ತದೋ, ಕಮಿಷನ್ನೂ ಅಲ್ಲೇ ಹೊಳೆಯುತ್ತಿರುತ್ತದೆ. ಕಾಕತಾಳೀಯ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಯಾಕೆಂದರೆ ಪ್ರತಿಭೆ ಅರಳುವುದು ಇಲ್ಲೇ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ ಎಂದಿಟ್ಟುಕೊಳ್ಳಿ. ಮೂರು ಎಕರೆ ಹನ್ನೆರಡು ಗುಂಟೆ. ಪಹಣಿಯಲ್ಲಿ ಇಷ್ಟು ವರ್ಷ ಒಂದು ಗುಂಟೆಯೂ ಆಚೀಚೆ ಆಗಿಲ್ಲ. ತೋಟವನ್ನು ಕೊಳ್ಳುವಾಗ ಸಬ್‌ರಿಜಿಸ್ಟ್ರಾರ್ ಎದುರು ಅದು ಸರ್ಕಾರಿ ಮಾರ್ಗಸೂಚಿ ದರಕ್ಕಿಂತ ಒಂದು ಪೈಸೆ ಹೆಚ್ಚು ಬಾಳದ ಬರಡು ಭೂಮಿಯಾಗಿತ್ತು. ಹುಡುಗನ ತಂಗಿಯ ಕಾಲೇಜು ಫೀ ರಿಯಾಯಿತಿಗೆಂದು ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸುವಾಗ ಆ ತೋಟದಲ್ಲಿ ಕೊಳೆರೋಗ ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಕುಟುಂಬ ಹೇಗೆ ಉಸಿರಾಡುತ್ತಿದೆ ಎಂದು ಓದಿದವರಿಗೆ ಕಣ್ಣೀರು ಬರಬೇಕು. ಅದೇ ತೋಟ ಈ ಏಪ್ರಿಲ್‌ನಲ್ಲಿ ಚಾರ್ಟರ್ಡ್ ಅಕೌಂಟೆಂಟರ ಮೇಜಿನ ಮೇಲೆ ಬಂದು ಕೂತಿತು. ಮೌಲ್ಯಮಾಪಕರು ಒಂದು ಸುತ್ತು ಹಾಕಿ, ಎಳನೀರು ಕುಡಿದು, ಕೆಮ್ಮಿದರು. ಮರುದಿನದಿಂದ ಅದು ಕೋಟಿಗಟ್ಟಲೆ ಬಾಳುವ, ಡಾಲರಿನಲ್ಲೂ ಎಣಿಸಬಹುದಾದ ಆಸ್ತಿ. ಅಮ್ಮನ ಒಡವೆಗಳೂ ಪಟ್ಟಿಗೆ ಸೇರಿದವು. ಮನೆಯಲ್ಲಿ ಇಷ್ಟು ಚಿನ್ನವಿದೆ ಎಂದು ಅಪ್ಪನಿಗೆ ಗೊತ್ತಾದದ್ದು ಆವತ್ತೇ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಅಪ್ಪ ರಿಟರ್ನ್ಸ್ ಸಲ್ಲಿಸಿದವರಲ್ಲ. ಮಗನಿಗಾಗಿ ಈಗ ಸಲ್ಲಿಸಿದ್ದಾರೆ. ಮಗನ ವೀಸಾ ಆದ ಮೇಲೆ ಆದಾಯ ಮತ್ತೆ ಕುಸಿಯಲಿದೆ, ಅದಕ್ಕೂ ಕೊಳೆರೋಗ ಸಿದ್ಧವಾಗಿ ನಿಂತಿದೆ.

ಇಂಗ್ಲೆಂಡಿಗೆ ಹೊರಟವರದ್ದು ಇನ್ನೊಂದು ಬಗೆ. ಅಲ್ಲಿನ ನಿಯಮದಂತೆ ಖರ್ಚಿನ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಇಪ್ಪತ್ತೆಂಟು ದಿನಕ್ಕೆಂದು ಹಣ ತಂದಿಟ್ಟು, ಬಡ್ಡಿ ಸಮೇತ ಹೊತ್ತೊಯ್ಯುವ ಮಹನೀಯರು ಹುಟ್ಟಿಕೊಂಡಿದ್ದಾರೆ. ಅಷ್ಟು ದಿನ ಇಡೀ ಮನೆ ಪಾಸ್‌ಬುಕ್ ನೋಡಿ ಶ್ರೀಮಂತಿಕೆ ಅನುಭವಿಸುತ್ತದೆ. ಜರ್ಮನಿಯಲ್ಲಿ ಫೀಯೇ ಇಲ್ಲ ಎಂದು ಕುಣಿದ ಸೋದರಮಾವನ ಮಗನಿಗೆ, 11,904 ಯೂರೋ ಮುಂಗಡವಾಗಿ ಬೀಗ ಹಾಕಿದ ಖಾತೆಯಲ್ಲಿ ಇಡಬೇಕೆಂದು ಆಮೇಲೆ ತಿಳಿಯಿತು. ಅಲ್ಲಿ ಇಳಿದ ಮೇಲೆ ಅವನ ದುಡ್ಡನ್ನೇ ತಿಂಗಳಿಗೆ 992 ಯೂರೋದಂತೆ ಅವನಿಗೆ ಕೊಡುತ್ತಾರೆ. ಮಾವ ಇದನ್ನು ಊರಲ್ಲಿ 'ಜರ್ಮನ್ ಸರ್ಕಾರದ ಸ್ಕಾಲರ್‌ಷಿಪ್' ಎಂದು ಹೇಳಿಕೊಂಡು ಬರುತ್ತಿದ್ದಾರೆ. ಯಾರೂ ತಿದ್ದಿಲ್ಲ.

ಅಮೆರಿಕದ ಲೆಕ್ಕ ಹೀಗೆ: ಸಾಲ ಐವತ್ತು ಲಕ್ಷ. ಓದು ಎರಡು ವರ್ಷ. ಆಮೇಲೆ ಒಪಿಟಿ ಎಂಬ ಹೆಸರಿನಲ್ಲಿ ಕೆಲಸಕ್ಕೆ 12 ತಿಂಗಳು, ವಿಜ್ಞಾನ ತಂತ್ರಜ್ಞಾನದ ವಿಷಯವಾದರೆ ಇನ್ನೂ 24. ಅಷ್ಟರೊಳಗೆ ವರ್ಷಕ್ಕೆ 85,000 ಹೆಚ್-1ಬಿ ಕೆಲಸದ ವೀಸಾಗಳ ಲಾಟರಿಯಲ್ಲಿ ಹೆಸರು ಬರಬೇಕು. ಬಡವರ ಮನೆ ಹಾಳಾಗುತ್ತದೆ ಎಂದು ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧಿಸಿದರು. ಐದು ರೂಪಾಯಿಯ ಟಿಕೆಟ್ ಕೊಳ್ಳುತ್ತಿದ್ದ ಕೂಲಿಯವನನ್ನು ಬೈಯುತ್ತಿದ್ದ ನಮ್ಮ ಮಧ್ಯಮವರ್ಗ ಈಗ ಐವತ್ತು ಲಕ್ಷದ ಟಿಕೆಟ್ ಕೊಂಡು ಅದಕ್ಕೆ ಕೆರಿಯರ್ ಪ್ಲಾನಿಂಗ್ ಎನ್ನುತ್ತದೆ.

ಓದಲು ಹೋದವರು ವಾಪಸ್ ಬರುತ್ತೇನೆಂದು ಬರೆದುಕೊಟ್ಟದ್ದು ಹೊಸದೇನಲ್ಲ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನದ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನದ ಮೇಲೆ. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. 1917ರಲ್ಲಿ ಕರಾರಿನಂತೆ ಬರೋಡಾಕ್ಕೆ ಬಂದರು. ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿ ತಂಗಿದ್ದವರನ್ನು ದೊಣ್ಣೆ ಹಿಡಿದ ಗುಂಪು ಹೊರಗಟ್ಟಿತು. ಈ ಪ್ರಸಂಗವಿರುವ ಅವರ ನೆನಪಿನ ಬರಹದ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಕೊಲಂಬಿಯಾದ ಬಾಗಿಲು ತೆರೆದಿತ್ತು, ಸಿಗದೇ ಹೋದ ವೀಸಾ ನಮ್ಮ ಬೀದಿಗಳದ್ದು. ಮಕ್ಕಳನ್ನು ವಿದೇಶಕ್ಕೆ ಕಳಿಸುವ ಉತ್ಸಾಹದಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯವರು ಭಾರತೀಯರೆಂದರೆ ಮೂಗು ಮುರಿಯುತ್ತಾರಂತೆ ಎಂದು ಕೊರಗುವ ಅಪ್ಪಂದಿರೇ, ನಿಮ್ಮ ಮೇಲಿನ ಮಹಡಿಯ 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡು ಸ್ವಲ್ಪ ವಾಲಿದೆ, ಸರಿಪಡಿಸಿ.

ಕಡಲು ದಾಟಿದವನಿಗೆ ಹಿಂದೆ ಪ್ರಾಯಶ್ಚಿತ್ತವಿತ್ತು. ಈಗ ದಾಟದೆ ಉಳಿದವನ ಹೆತ್ತವರು ಪ್ರತಿ ಮದುವೆಮನೆಯಲ್ಲೂ ಅದನ್ನು ಮಾಡಿಕೊಳ್ಳುತ್ತಾರೆ. ದೇವರುಗಳೂ ಕಾಲಕ್ಕೆ ತಕ್ಕಂತೆ ಇಲಾಖೆ ಬದಲಿಸಿದ್ದಾರೆ. ಹೈದರಾಬಾದ್ ಬಳಿಯ ಚಿಲ್ಕೂರು ಬಾಲಾಜಿಗೆ ವೀಸಾ ಬಾಲಾಜಿ ಎಂದೇ ಹೆಸರು. ಹರಕೆಗೆ 11 ಪ್ರದಕ್ಷಿಣೆ, ವೀಸಾ ಸಿಕ್ಕ ಮೇಲೆ 108. ಕೆಲಸ ಆದ ಮೇಲೆ ಬಾಕಿ ಕೊಟ್ಟರೆ ಸಾಕು ಎನ್ನುವುದು ಈ ಇಡೀ ವ್ಯವಹಾರದಲ್ಲಿ ಬಾಲಾಜಿ ಒಬ್ಬನೇ. ಅಮೆರಿಕದವರು ವಿದೇಶಿ ವಿದ್ಯಾರ್ಥಿಗಳ ದಾಖಲೆಗೆಂದು ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಮೊದಲೇ ಎಣಿಸಿಕೊಳ್ಳುತ್ತಾರೆ. ತಿರಸ್ಕರಿಸಿದರೆ ಒಂದು ಸೆಂಟೂ ಹಿಂದಕ್ಕಿಲ್ಲ.

ಸಂದರ್ಶನಕ್ಕೆ ಚೆನ್ನೈ. ಬೆಂಗಳೂರಿನಲ್ಲೂ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು. ವೀಸಾ ಸೇವೆ ಮಾತ್ರ ಅಂದು ಶುರುವಾಗಲಿಲ್ಲ. ಉದ್ಘಾಟನೆಯ ಈ ಶೈಲಿಯನ್ನು ಅವರು ನಮ್ಮಿಂದಲೇ ಕಲಿತಿರಬೇಕು. ಅದೇ ವರ್ಷದ ಜೂನ್‌ನಿಂದ ವಿದ್ಯಾರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಮನೆಯಲ್ಲಿ ರಾತ್ರೋರಾತ್ರಿ ಶುದ್ಧೀಕರಣ ನಡೆಯಿತು. ಐದು ವರ್ಷ ಹಿಂದಿನ ಟ್ರಂಪ್ ಜೋಕು ಹೋಯಿತು, ಗೋವಾದ ಫೋಟೋ ಹೋಯಿತು. ಹೋದದ್ದೆಲ್ಲ ಹೋದ ಮೇಲೆ ಉಳಿದದ್ದು ರಾಜ್ಯೋತ್ಸವದ ಶುಭಾಶಯ ಮತ್ತು ಒಂದು ಬೆಕ್ಕು.

ಅಣಕು ಸಂದರ್ಶನದಲ್ಲಿ ಕನ್ಸಲ್ಟೆನ್ಸಿಯವರು ಹೇಳಿಕೊಟ್ಟ ಉತ್ತರ ಇದು: 'ನಾನು ಒಬ್ಬನೇ ಮಗ, ತಂದೆಗೆ ವಯಸ್ಸಾಗಿದೆ, ಪಿತ್ರಾರ್ಜಿತ ಅಡಿಕೆ ತೋಟವಿದೆ, ಓದು ಮುಗಿಸಿ ಬಂದು ಆಧುನಿಕ ತಂತ್ರಜ್ಞಾನದಿಂದ ಅದನ್ನು ನೋಡಿಕೊಳ್ಳುತ್ತೇನೆ.' ಅಪ್ಪ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. ಹೋದ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದೆ, ಎರಡು ದಿನಕ್ಕೆ ಬಾರೋ ಎಂದು ಕರೆದಾಗ, ಬೋರ್ಡೋ ಅಂದರೆ ವೈನ್ ಅಲ್ವಾಪ್ಪ ಎಂದು ಕೇಳಿದ್ದ ಮಗ ಇವನೇ. ಆದರೂ ಆ ಹದಿನೈದು ಸೆಕೆಂಡು ಅಪ್ಪನ ಮುಖ ಅರಳಿತ್ತು ಎಂದು ನೋಡಿದವರು ಹೇಳುತ್ತಾರೆ. ನಿಜವಾದ ಸಂದರ್ಶನದಲ್ಲಿ ಗಾಜಿನಾಚೆಯ ಅಧಿಕಾರಿ ಮೂರು ಪ್ರಶ್ನೆ ಕೇಳಿ, ತೋಟದ ಮಾತೆತ್ತುವ ಮೊದಲೇ ಪಾಸ್‌ಪೋರ್ಟ್ ಇಟ್ಟುಕೊಂಡು ಕಳಿಸಿಬಿಟ್ಟ.

ಪಾಸ್‌ಪೋರ್ಟಿನದೇ ಇನ್ನೊಂದು ಕಥೆ. ನಮ್ಮಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಖಾಲಿ ಬಿಟ್ಟವರಿಗೆ ಅಮೆರಿಕ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ನಾಮಕರಣ ಮಾಡುತ್ತದೆ. ಅದಕ್ಕೆ ಹೆದರಿ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೇ ಸರ್‌ನೇಮ್ ಮಾಡಿದ್ದಾಯಿತು. ಇನ್ನು ಎರಡು ವರ್ಷ ಅಲ್ಲಿನ ಪ್ರೊಫೆಸರು ಹಾಜರಿ ಕರೆಯುವುದು ತೀರ್ಥಹಳ್ಳಿಯನ್ನು.

ಕೊನೆಗೆ ಪೆಟ್ಟಿಗೆ. ತಲಾ 23 ಕಿಲೋದ ಎರಡು. ಅಡಿಕೆ ಮಂಡಿಯಿಂದ ತೂಕದ ಕೊಕ್ಕೆ ಬಂತು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು, ಹಪ್ಪಳ, ಅಪ್ಪೆಮಿಡಿ, ಹರಳೆಣ್ಣೆ, ಮೂರು ಲೀಟರಿನ ಕುಕ್ಕರ್. ಒಣಕೊಬ್ಬರಿಗೆ ಮಾತ್ರ ತಡೆ: ಅದರ ಎಣ್ಣೆಯಂಶ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ತಿಪಟೂರಿನ ನೆಂಟರು ಇದನ್ನು ಊರಿಗಾದ ಅವಮಾನವೆಂದು ತಿಳಿದಿದ್ದಾರೆ. ಗಸಗಸೆಯನ್ನು ಕೊನೇ ಗಳಿಗೆಯಲ್ಲಿ ಹೊರತೆಗೆದರು, ವಿಮಾನ ದುಬೈ ಮೇಲೆ ಹೋಗುತ್ತದೆ, ಅಲ್ಲಿ ಗಸಗಸೆ ಮಾದಕವಸ್ತು. ಪಾಯಸದ ಆಸೆಗೆ ಜೈಲು ಬೇಡ ಎಂದು. ಮಿಕ್ಸಿಯನ್ನು ಯಾರೂ ತೆಗೆಯಲಿಲ್ಲ. ಅಮೆರಿಕದ ಪ್ಲಗ್ಗಿನಲ್ಲಿ 120 ವೋಲ್ಟ್, ನಮ್ಮ ಮಿಕ್ಸಿಗೆ 230 ಬೇಕು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದ ಹುಡುಗ ಅದನ್ನು ಪಂಚೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡ.

ಒಂದೂವರೆ ವರ್ಷದ ಈ ಸಿದ್ಧತೆಯಲ್ಲಿ ಅನ್ನಕ್ಕೆ ನೀರೆಷ್ಟು ಹಾಕಬೇಕು ಎಂಬುದನ್ನು ಅವನಿಗೆ ಹೇಳಿಕೊಡಲು ಯಾರಿಗೂ ಪುರಸೊತ್ತಾಗಿರಲಿಲ್ಲ. ತಟ್ಟೆ ತೊಳೆಯುವುದು, ಬಟ್ಟೆ ಒಗೆಯುವುದು ತಂಗಿಗೆ ಮಾತ್ರ ಬರುತ್ತದೆ. ಅವಳನ್ನು ಕಳಿಸುವ ಯೋಚನೆ ಯಾರಿಗೂ ಇಲ್ಲ.

ಹೋದ ಮೂರನೇ ದಿನ ಅವನು ಒಗ್ಗರಣೆ ಹಾಕಿದ. ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಘಾಟು ಏರಿತು, ಹೊಗೆಯ ಅಲಾರಾಂ ಬಾಯಿ ಬಡಿದುಕೊಂಡಿತು. ನಾಲ್ಕು ಮಹಡಿಯ ಜನ ಚಳಿಯಲ್ಲಿ ಬೀದಿಗಿಳಿದರು, ಅಗ್ನಿಶಾಮಕ ದಳದವರು ಬಂದು ಬಾಣಲೆ ನೋಡಿ ಹೋದರು, ಮನೆ ಮಾಲೀಕ ದಂಡದ ಚೀಟಿ ಕೊಟ್ಟ. ನಮ್ಮಲ್ಲಿ ನಡುರಾತ್ರಿ, ಫೋನು ಬಂತು. ಅಮ್ಮ ಸಾಸಿವೆ ಎಷ್ಟು ಹಾಕಿದ್ದೆ ಎಂದು ಕೇಳಿದರು. ಅಪ್ಪ ಕೇಳಿದ್ದು ದಂಡ ಎಷ್ಟು ಡಾಲರ್ ಎಂದು. ಕೇಳಿಕೊಂಡು, ರೂಪಾಯಿಗೆ ತಿರುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇರು, ಇದನ್ನ ಲೋನಿಗೇ ಸೇರಿಸೋಕಾಗುತ್ತಾ ಅಂತ ಬೆಳಿಗ್ಗೆ ಮ್ಯಾನೇಜರನ್ನ ಕೇಳ್ತೀನಿ' ಎಂದರು.